ಪೇಷಂಟಿಗೆ ನೀವು ಏನಾಗಬೇಕು?

ಮಳೆನೀರು (ಸೋಮವಾರ, ರಾತ್ರಿ 11:40)
ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು. ಉದ್ದ ಆದ್ರೆ ಸಹಿಸ್ಕೊಳ್ಳಿ.

ನನಗೆ 41, ಸುಧಾಗೆ 44 (ಹೆಸರು ಬದಲಿಸಿದೀನಿ). ಬೆಂಗಳೂರಲ್ಲಿ ಹನ್ನೊಂದು ವರ್ಷದಿಂದ ಒಂದೇ ಮನೆ, ಒಂದೇ ಗ್ಯಾಸ್ ಕನೆಕ್ಷನ್, ಒಂದೇ ಬೆಕ್ಕು. ಓನರ್ ಆಂಟಿ ಪಾಲಿಗೆ ನಾವು ಕಸಿನ್ಸ್. ದೀಪಾವಳಿ ಎಣ್ಣೆ ಸ್ನಾನದ ದಿನ ಬೆನ್ನುಜ್ಜಿ ಕೈ ಮುಂದೆ ತಂದಾಗ ಅವಳ ಎಡಗಡೆ ಗಂಟು ನನ್ನ ಬೆರಳಿಗೇ ಸಿಕ್ಕಿದ್ದು. ಸ್ತನ ಕ್ಯಾನ್ಸರ್, ಎರಡನೇ ಹಂತ. ಆರು ಕೀಮೋ ಮುಗೀತು. ಆರು ಸಲವೂ ಅಟೆಂಡರ್ ಪಾಸು ನನ್ನ ಕೊರಳಲ್ಲೇ ಇತ್ತು, ಯಾರೂ ಏನೂ ಕೇಳಲಿಲ್ಲ.

ಈಗ ಆಪರೇಷನ್‌ಗೆ ಡೇಟು ಸಿಕ್ಕಿದೆ, ಬರೋ ವಾರ ಬುಧವಾರ. ಇವತ್ತು ಅಡ್ಮಿಷನ್ ಕೌಂಟರಿನಲ್ಲಿ ಕೇಳಿದ್ರು, "ಪೇಷಂಟಿಗೆ ನೀವು ಏನಾಗ್ಬೇಕು?" ಫ್ರೆಂಡು ಅಂದೆ. "ಫ್ರೆಂಡ್ ನಡೆಯಲ್ಲ ಮೇಡಂ, ಬ್ಲಡ್ ರಿಲೇಷನ್ ಬಂದು ಸೈನ್ ಮಾಡ್ಬೇಕು. ಗಂಡ ಇಲ್ವಾ? ಅಣ್ಣ, ತಮ್ಮ?" ಸುಧಾ ಹಿಂದಿನ ಕುರ್ಚಿಲಿ ತಲೆಗೆ ಸ್ಕಾರ್ಫ್ ಕಟ್ಕೊಂಡು, ಮಡಿಲಲ್ಲಿ ಫೈಲ್ ಇಟ್ಕೊಂಡು, ಸೌಂಡೇ ಇಲ್ಲದ ಟಿವಿ ನೋಡ್ತಿದ್ಲು. ಎಲ್ಲಾ ಕೇಳಿಸ್ತಿತ್ತು ಅವಳಿಗೆ.

ಅಣ್ಣ ಇದಾನೆ, ಅರಸೀಕೆರೆ ಕಡೆ. ನಮ್ಮ ವಿಷಯ ಗೊತ್ತಾದಾಗಿನಿಂದ ಮಾತಿಲ್ಲ, 2016ರಿಂದ. ಸಹಿಗೋಸ್ಕರ ಅವನ ಮುಂದೆ ಹೋಗಿ ನಿಲ್ಲಲ್ಲ ಅಂತಾಳೆ. ಅಣ್ಣನ ಸಹಿ ನಿಜವಾಗ್ಲೂ ಬೇಕಾ? ಆಸ್ಪತ್ರೆ ಹೆಸರು ಕೇಳಬೇಡಿ, ಇನ್ನೂ ಅಲ್ಲೇ ಟ್ರೀಟ್‌ಮೆಂಟು.

ಕಡ್ಲೆಪುರಿ (11:52)
ಅಕ್ಕ, ಸುಮ್ನೆ ಚಿಕ್ಕಮ್ಮನ ಮಗಳು ಅಂತ ಹಾಕಿಬಿಡಿ. ಯಾರು ವಂಶವೃಕ್ಷ ತರ್ಸಿ ನೋಡ್ತಾರೆ.

ಮಳೆನೀರು (11:55)
ಹನ್ನೊಂದು ವರ್ಷ ಅದನ್ನೇ ಹೇಳ್ಕೊಂಡು ಬಂದಿದೀನಿ ಮಾರಾಯ. ಇವತ್ತು ಯಾಕೋ ಬಾಯಿ ಬರಲಿಲ್ಲ.

ವಕೀಲರ ಕೋಟು (ಮಂಗಳವಾರ, ಬೆಳಿಗ್ಗೆ 6:30)
ರೋಗಿಗೆ 18 ದಾಟಿದೆ, ಎಚ್ಚರ ಇದೆ, ಬುದ್ಧಿ ಸ್ವಾಧೀನದಲ್ಲಿದೆ ಅಂದ್ರೆ ಬೇಕಾಗಿರೋದು ಅವರದೇ ಸಹಿ. 2008ರಲ್ಲಿ ಸಮೀರಾ ಕೊಹ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಹೆಣ್ಣುಮಗಳು ಪರೀಕ್ಷೆಗೆ ಅಂತ ಅರಿವಳಿಕೆಯಲ್ಲಿ ಮಲಗಿದ್ದಾಗ ಡಾಕ್ಟರು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ ತೆಗೆದಿದ್ರು. ಹೆತ್ತ ತಾಯಿ ಕೊಟ್ಟರೂ ಅದು ಒಪ್ಪಿಗೆ ಅಲ್ಲ ಅಂತು ಕೋರ್ಟು. ಇನ್ನು ಮಾತಿಲ್ಲದ ಅಣ್ಣ ಯಾವ ಲೆಕ್ಕ?

ಎಲ್ಲರೂ ತೋರಿಸೋ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಇದೆಯಲ್ಲ, ಅದರಲ್ಲಿ ಆಪರೇಷನ್ನಿಗೆ ಮುಂಚೆ ಯಾರ ಲಿಖಿತ ಒಪ್ಪಿಗೆ ಅಂದ್ರೆ: ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದ್ರೆ ಅಪ್ಪ-ಅಮ್ಮ ಅಥವಾ ಪಾಲಕರು, ಇಲ್ಲವೇ ಸ್ವತಃ ರೋಗಿ. ಅಣ್ಣ ಅನ್ನೋ ಪದವೇ ಆ ಸಾಲಲ್ಲಿಲ್ಲ. "ಬ್ಲಡ್ ರಿಲೇಷನ್" ಅನ್ನೋದು ಕೌಂಟರಿನವರ ರೂಢಿ.

ಕಡ್ಲೆಪುರಿ (6:41)
ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಸಾರ್.

ನೇರ ಮಾತು (8:05)
ಬೇಜಾರು ಮಾಡ್ಕೋಬೇಡಿ. ಆಸ್ಪತ್ರೆಯವರು ಕೇಳಿದ್ರಲ್ಲಿ ತಪ್ಪೇನಿದೆ? ನಾಳೆ ಟೇಬಲ್ ಮೇಲೆ ಏನಾದ್ರೂ ಆದ್ರೆ ಇದೇ ಅಣ್ಣ ನಾಲ್ಕು ಜನ ಕರ್ಕೊಂಡು ಬಂದು ಗಾಜು ಒಡೀತಾನೆ. ಕ್ಯಾನ್ಸರ್ ಜಾತಿ ನೋಡಲ್ಲ, ಲಿಂಗ ನೋಡಲ್ಲ. ಎಲ್ಲದಕ್ಕೂ ಎಲ್‌ಜಿಬಿಟಿ ಅಂತ ಬೋರ್ಡ್ ಹಾಕಬೇಡಿ. ನಮ್ಮ ಬ್ರಹ್ಮಚಾರಿ ಚಿಕ್ಕಪ್ಪನಿಗೂ ಇದೇ ಫಜೀತಿ ಆಗಿತ್ತು.

ನೈಟ್ ಡ್ಯೂಟಿ (8:50)
@ನೇರ ಮಾತು, ಹದಿನಾಲ್ಕು ವರ್ಷ ಕ್ಯಾನ್ಸರ್ ವಾರ್ಡಲ್ಲಿ ನರ್ಸ್ ಆಗಿದೀನಿ. ಕ್ಯಾನ್ಸರ್ ನೋಡಲ್ಲ, ಸರಿ. ಟೋಕನ್ ಕೌಂಟರು ನೋಡುತ್ತೆ. ನಿಮ್ಮ ಚಿಕ್ಕಪ್ಪನಿಗೆ ಕೊನೆಗೆ ಯಾರು ಸಹಿ ಹಾಕಿದ್ರು?

ನೇರ ಮಾತು (8:58)
ನಾನೇ. ಅಣ್ಣನ ಮಗ ಅಂತ.

ನೈಟ್ ಡ್ಯೂಟಿ (9:10)
ನೋಡಿ, ನಿಮ್ಮನ್ನ ಕರ್ಕೊಂಡು ಬರೋಕೆ ಅವರಿಗೆ ದಾರಿ ಇತ್ತು. ಸುಧಾಗೆ ಆ ದಾರಿ ಯಾಕೆ ಮುಚ್ಚಿದೆ ಅನ್ನೋದೇ ಇಲ್ಲಿ ವಿಷಯ.

ಮಳೆನೀರು ಅವರೇ, ಒಳಗಿನ ಮಾತು ಹೇಳ್ತೀನಿ. ನಾವು ಅಟೆಂಡರ್ ಯಾರು ಅಂತ ಕೇಳೋದು ನಾಲ್ಕು ಕೆಲಸಕ್ಕೆ: ಬಿಲ್ಲು, ರಕ್ತ, ಓಟಿ ಬಾಗಿಲಿಗೆ ಕರೆದಾಗ ಓಡಿ ಬರೋರು, ರಾತ್ರಿ ಐಸಿಯುನಿಂದ ಫೋನ್ ಹೋದ್ರೆ ಎತ್ತೋರು. ನಾಲ್ಕಕ್ಕೂ ನೀವೇ ಇದೀರಿ. ಹಾಗಾಗಿ ಕೌಂಟರ್ ಹತ್ರ ವಾದ ಮಾಡಬೇಡಿ, ಆ ಹುಡುಗನಿಗೆ ಅಧಿಕಾರ ಇಲ್ಲ. ಸರ್ಜನ್ ಹತ್ರ ನೇರ ಹೇಳಿ, ವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ರೆ ಅವರಿಗೂ ಹೇಳಿ. ಸುಧಾ ಒಂದು ಬಿಳಿ ಹಾಳೆ ಮೇಲೆ ಅವರದೇ ಕೈಬರಹದಲ್ಲಿ ಬರೀಲಿ: ಇವರು ನನ್ನ ಜೊತೆ ಇರೋರು, ನನ್ನ ಆರೋಗ್ಯದ ವಿವರ ಇವರಿಗೆ ಹೇಳಬಹುದು, ನನಗೆ ಎಚ್ಚರ ಇಲ್ಲದಾಗ ಇವರನ್ನೇ ಕೇಳಿ. ದಿನಾಂಕ, ಸಹಿ. ಕೇಸ್ ಶೀಟಿಗೆ ನಿಮ್ಮ ಎದುರೇ ಪಿನ್ ಮಾಡಿಸಿ, ಮೊಬೈಲಲ್ಲಿ ಫೋಟೋ ತಗೊಳ್ಳಿ. ಶಿಫ್ಟ್ ಬದಲಾದಾಗ ಬಾಯಿಮಾತು ಉಳಿಯಲ್ಲ, ಕಾಗದ ಉಳಿಯುತ್ತೆ.

ಶೆಟ್ರ ಅಂಗಡಿ (9:31)
ಪವರ್ ಆಫ್ ಅಟಾರ್ನಿ ಮಾಡಿಸಿಬಿಟ್ರೆ ಮುಗೀತಲ್ವಾ? ಸ್ಟ್ಯಾಂಪ್ ಪೇಪರು, ನೋಟರಿ, ಆಯ್ತು.

ವಕೀಲರ ಕೋಟು (10:15)
ಆಗಲ್ಲ. ಎಲ್ಲರೂ ಮುಗ್ಗರಿಸೋದು ಇಲ್ಲೇ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ್ರೆ ಆ ಅಧಿಕಾರವೂ ಬಿದ್ದುಹೋಗುತ್ತೆ, ಕರಾರು ಕಾಯ್ದೆಯ 201ನೇ ಕಲಂ. ಅಂದ್ರೆ ಬೇಕಾದ ಹೊತ್ತಿಗೇ ಕೈ ಕೊಡೋ ಕೊಡೆ ಅದು. ಮಾಡಿಸಬೇಡಿ ಅಂತಲ್ಲ, ಮುದ್ರೆ ನೋಡಿದ್ರೆ ಕೌಂಟರಿನವರು ಸುಮ್ಮನಾಗ್ತಾರೆ, ಅಷ್ಟಕ್ಕೆ ಉಪಯೋಗ.

ಗಟ್ಟಿ ಕಾಗದ ಅಂದ್ರೆ ಮುಂಗಡ ವೈದ್ಯಕೀಯ ನಿರ್ದೇಶನ, ಲಿವಿಂಗ್ ವಿಲ್ ಅಂತಾರಲ್ಲ ಅದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡ್ತು, ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಾಕು. ನಮ್ಮ ಆರೋಗ್ಯ ಇಲಾಖೆ 2025ರ ಜನವರಿ 30ಕ್ಕೆ ಆದೇಶವನ್ನೂ ಹೊರಡಿಸಿದೆ. ಅದರಲ್ಲಿ ನೀವು ನಂಬೋ ವ್ಯಕ್ತಿಯ ಹೆಸರು ಬರೆಯಬಹುದು. ಆದ್ರೆ ಅದು ಬದುಕುವ ಆಸೆ ಇಲ್ಲದ ಹಂತದಲ್ಲಿ ಯಂತ್ರ ಹಾಕಬೇಕೋ ಬೇಡವೋ ಅನ್ನೋದಕ್ಕೆ. ಮಾಮೂಲಿ ಆಪರೇಷನ್ನಿಗೆ ಅಲ್ಲ.

ನಡುವಿನ ಜಾಗ ಖಾಲಿ ಬಿದ್ದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಯಾರನ್ನ ಬೇಕಾದ್ರೂ ನಾಮನಿರ್ದೇಶಿತ ಪ್ರತಿನಿಧಿ ಮಾಡ್ಕೋಬಹುದು, ನೆಂಟರೇ ಆಗಬೇಕಿಲ್ಲ. ದೇಹದ ಕಾಯಿಲೆಗೆ ಅಂಥದ್ದಿಲ್ಲ. ಸಂಗಾತಿಯನ್ನ ವೈದ್ಯಕೀಯ ಪ್ರತಿನಿಧಿ ಅಂತ ಒಪ್ಪಿ ಅಂತ 2025ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿದೆ.

ಎಡಿಸನ್ ಕನ್ನಡಿಗ (11:20)
ಇಲ್ಲಿ ಅಮೆರಿಕದಲ್ಲೂ ಇದು ತಾನಾಗಿ ಬಂದಿದ್ದಲ್ಲ. 2007ರಲ್ಲಿ ಮಯಾಮಿಯ ಆಸ್ಪತ್ರೆಯೊಂದರಲ್ಲಿ ಒಬ್ಬಾಕೆ ಸಾಯ್ತಿದ್ದಾಗ ಸಂಗಾತಿಯನ್ನ, ಮಕ್ಕಳನ್ನ ಗಂಟೆಗಟ್ಟಲೆ ಒಳಗೆ ಬಿಡಲಿಲ್ಲ. ಅದು ದೊಡ್ಡ ಸುದ್ದಿಯಾಗಿ 2010ರಲ್ಲಿ ಒಬಾಮಾ ಆದೇಶ ಬಂತು, ಯಾರು ನೋಡೋಕೆ ಬರಬೇಕು ಅಂತ ರೋಗಿಯೇ ಹೇಳಬಹುದು ಅಂತ. ಅದಕ್ಕೂ ಮುಂಚೆ ಜಾರ್ಜಿಯಾದಲ್ಲಿ ರಾಬರ್ಟ್ ಈಡ್ಸ್ ಅನ್ನೋ ಟ್ರಾನ್ಸ್ ಗಂಡಸಿಗೆ (ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕ್ತಿದ್ದೋರು) ಅಂಡಾಶಯದ ಕ್ಯಾನ್ಸರ್ ಆಗಿ, ಎರಡು ಡಜನ್‌ಗೂ ಮೇಲೆ ಡಾಕ್ಟರು ನೋಡಲ್ಲ ಅಂದ್ರು. 1999ರಲ್ಲಿ ತೀರಿಕೊಂಡ್ರು.

ಅರ್ಧ ಚಹಾ (11:48)
ನಾನು ಟ್ರಾನ್ಸ್ ಗಂಡಸು, ಮೈಸೂರು. ಅಷ್ಟು ದೂರ ಯಾಕೆ ಹೋಗ್ತೀರಿ. ಎದೆ ಸರ್ಜರಿ ಆಗಿದೆ, ಗರ್ಭಕೋಶ ಹಾಗೇ ಇದೆ. ಆಧಾರ್‌ನಲ್ಲಿ ಪುರುಷ. ಹೋದ ವರ್ಷ ರಕ್ತ ಕಾಣಿಸ್ತು ಅಂತ ಲ್ಯಾಬಿಗೆ ಹೋದ್ರೆ ಪ್ಯಾಪ್ ಟೆಸ್ಟಿಗೆ (ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮಾಡೋದು) ಬಿಲ್ಲೇ ಆಗಲ್ಲ, ಪುರುಷ ಅಂತ ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲ್ಲ. ಆ ಹುಡುಗಿ ಜೋರಾಗಿ ಒಳಗೆ ಕೂಗಿ ಕೇಳಿದ್ಲು, "ಸಾರ್, ಇವರು ಗಂಡಸು, ಪ್ಯಾಪ್ ಕೇಳ್ತಿದಾರೆ!" ಇಪ್ಪತ್ತು ಜನ ತಿರುಗಿ ನೋಡಿದ್ರು. ಗಡ್ಡ ಕೆರ್ಕೊಂಡು ಹೊರಗೆ ಬಂದೆ. ಮತ್ತೆ ಏಳು ತಿಂಗಳು ಹೋಗಲಿಲ್ಲ.

ಡಾ. ಪುಟಾಣಿ (12:30)
ದಯವಿಟ್ಟು ಹೋಗಿ. ಸೂತ್ರ ಸುಲಭ, ಅಂಗ ಇದ್ದರೆ ತಪಾಸಣೆ ಇದೆ, ಆಧಾರ್‌ನಲ್ಲಿ ಏನಾದ್ರೂ ಇರಲಿ. ಗರ್ಭಕಂಠ ಇದ್ದವರಿಗೆ 30ರ ಮೇಲೆ ಎಚ್‌ಪಿವಿ (ಆ ಕ್ಯಾನ್ಸರಿಗೆ ಕಾರಣವಾಗೋ ವೈರಸ್) ಪರೀಕ್ಷೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಸ್ಯಾಂಪಲ್ ನೀವೇ ತೆಗೆದು ಕೊಡಬಹುದು, ಯಾರ ಮುಂದೂ ಮಲಗಬೇಕಿಲ್ಲ. ಟೆಸ್ಟೋಸ್ಟೆರಾನ್ ತಗೊಳ್ಳೋರಿಗೆ ಪ್ಯಾಪ್ ಸ್ಯಾಂಪಲ್ ಸಾಲದೆ ಹೋಗೋದು ಜಾಸ್ತಿ, ಅದಕ್ಕೂ ಇದೇ ಮೇಲು. ಆದ್ರೆ ರಕ್ತ ಹೋಗಿದ್ರೆ ಅದು ತಪಾಸಣೆಯ ಮಾತಲ್ಲ, ಡಾಕ್ಟರ್ ನೋಡಲೇಬೇಕು. ಎದೆ ಸರ್ಜರಿ ಆದ ಮೇಲೂ ಸ್ವಲ್ಪ ಸ್ತನದ ಅಂಗಾಂಶ ಉಳಿದಿರುತ್ತೆ, ಗಂಟು ಬಂದ್ರೆ ಅಸಡ್ಡೆ ಬೇಡ.

ಟ್ರಾನ್ಸ್ ಹೆಂಗಸರಿಗೆ: ನಿರ್ವಾಣ (ಸಮುದಾಯದೊಳಗೇ ಲಿಂಗ ತೆಗೆಯೋ ವಿಧಿ) ಆದ್ರೂ, ಆಸ್ಪತ್ರೆಯಲ್ಲಿ ಸರ್ಜರಿ ಆದ್ರೂ ಪ್ರಾಸ್ಟೇಟ್ ಗ್ರಂಥಿ ಒಳಗೇ ಇರುತ್ತೆ. ಹಾರ್ಮೋನ್ ತಗೊಳ್ತಿದ್ರೆ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿಗೆ ನೋಡೋ ರಕ್ತಪರೀಕ್ಷೆ) ಕಡಿಮೆ ತೋರಿಸುತ್ತೆ, ಡಾಕ್ಟರಿಗೆ ಹೇಳಿ. ನೆದರ್ಲೆಂಡ್ಸಿನವರು 2260 ಟ್ರಾನ್ಸ್ ಮಹಿಳೆಯರ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ್ರು, 15 ಜನಕ್ಕೆ ಸ್ತನ ಕ್ಯಾನ್ಸರ್ ಆಗಿತ್ತು. ಗಂಡಸರಿಗೆ ಹೋಲಿಸಿದ್ರೆ ತುಂಬಾ ಹೆಚ್ಚು, ಬೇರೆ ಹೆಂಗಸರಿಗಿಂತ ಕಡಿಮೆ. ನಮ್ಮಲ್ಲಿ ಮೆಡಿಕಲ್ ಶಾಪಿಂದ ಗರ್ಭನಿರೋಧಕ ಮಾತ್ರೆ ತಂದು ಲೆಕ್ಕ ಇಲ್ಲದೆ ನುಂಗೋರು ಇದಾರೆ, ನನಗೆ ಭಯ ಅವರ ಬಗ್ಗೆ.

ಹೊಸಪೇಟಿ ಹುಡುಗಿ (ಮಧ್ಯಾಹ್ನ 2:10)
ಡಾಕ್ಟರೇ, ನೀವು ಹೇಳೂದು ಖರೆ. ಆದ್ರ ಪರೀಕ್ಷಾ ಆಮ್ಯಾಲಿನ ಮಾತು, ಮೊದಲ ಗೇಟಿನಾಗ ಬಿಡಬೇಕಲ್ರಿ.

ನಾವು ಟ್ರಾನ್ಸ್ ಮಂದಿ, ನಮ್ಮೊಳಗ ಗುರು ಅಂದ್ರ ತಾಯಿ ಇದ್ದಂಗ. ನಮ್ಮ ಗುರುವಿಗೆ ಬಾಯಾಗ ಹುಣ್ಣಾಗಿತ್ತು. ಎಲಿಅಡಿಕಿ, ತಂಬಾಕ ಮೂವತ್ತು ವರ್ಷ ಹಾಕ್ಯಾಳ. ನಾಕು ತಿಂಗಳ ಉಪ್ಪುನೀರು ಮುಕ್ಕಳಿಸಿ ಕುಂತ್ಲು, ದವಾಖಾನಿಗೆ ಬರಂಗಿಲ್ಲ ಅಂತ. ಯಾಕಂದ್ರ ಹಿಂದೊಮ್ಮಿ ಜ್ವರ ಬಂದಾಗ ಗಂಡಸರ ವಾರ್ಡಿನ್ಯಾಗ ಹಾಕಿದ್ರು, ರಾತ್ರಿಯೆಲ್ಲಾ ಹುಡುಗ್ರು ಬಂದು ಮಾರಿ ಮ್ಯಾಲಿನ ಚಾದರ ಎತ್ತಿ ನೋಡತಿದ್ರಂತ. ಹೆಂಗಸರ ವಾರ್ಡಿಗೆ ಹೋದ್ರ ಅಲ್ಲಿನ ಹೆಂಗಸರು ಬ್ಯಾಡ ಅಂದ್ರು. ಕಡೀಕ ಕಾರಿಡಾರಿನ್ಯಾಗ ಮಂಚ ಹಾಕಿದ್ರು, ಲೈಟಿನ ಕೆಳಗ.

ಈ ಸಲ ಬಯಾಪ್ಸಿ ಆತು, ಕ್ಯಾನ್ಸರ ಅಂದ್ರು. ಬೆಂಗಳೂರಿಗೆ ಕರ್ಕೊಂಡು ಬಂದೇವಿ. ಆಧಾರಿನ್ಯಾಗ ಹಳೀ ಗಂಡು ಹೆಸರು, ರೇಷನ್ ಕಾರ್ಡ್ ಊರಾಗ ಅಣ್ಣನ ಮನಿಯಾಗ. ಟ್ರಾನ್ಸ್‌ಜೆಂಡರ್ ಮಂದಿಗೆ ಆಯುಷ್ಮಾನಿನ್ಯಾಗ ವರ್ಷಕ್ಕ 5 ಲಕ್ಷದ ಟಿಜಿ ಪ್ಲಸ್ ಅಂತ 2022ರಾಗ ಘೋಷಣಾ ಮಾಡ್ಯಾರ. ಅದಕ್ಕ ಡಿಸಿ ಕೊಡೂ ಗುರುತಿನ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟಿಗೆ ಅರ್ಜಿ ಹಾಕಿ ಕುಂತ್ರ ಗಡ್ಡಿ ಕಾಯ್ತದೇನ್ರಿ? ಚೇಲಾಗೋಳು ನಾವು ಆರು ಮಂದಿ ಬಜಾರದಾಗ ಚಪ್ಪಾಳಿ ತಟ್ಟಿ ರೊಕ್ಕ ಕೂಡಿಸೇವಿ. ಅಲ್ಲೂ ಅದ ಪ್ರಶ್ನಿ: "ನೀ ಏನಾಗಬೇಕು?" ಮಗಳು ಅಂದೆ. ನಕ್ಕರು.

ಪಾರಿಜಾತ (2:45)
ಗುರುಗಳು ಈಗ ಹೇಗಿದ್ದಾರಮ್ಮ?

ಹೊಸಪೇಟಿ ಹುಡುಗಿ (2:51)
ಅದಾಳ್ರಿ ಅಮ್ಮಾ. ರೇಡಿಯೇಷನ್ ಮುಗದೈತಿ. ಗಂಜಿ ಕುಡೀತಾಳ. ಬೈಯೂದು ಚಾಲೂ ಮಾಡ್ಯಾಳ, ಅದಕ ಸಮಾಧಾನ.

ವಕೀಲರ ಕೋಟು (3:05)
2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಕಲಂ ಆರೋಗ್ಯದ ಬಗ್ಗೆನೇ ಇದೆ. ವಿಮೆ, ವೈದ್ಯಕೀಯ ಪಠ್ಯದ ಪರಿಷ್ಕರಣೆ, ಆಸ್ಪತ್ರೆ ಪ್ರವೇಶ ಎಲ್ಲಾ ಬರೆದಿದಾರೆ. ವಾರ್ಡ್ ಯಾವುದು ಅಂತ ಮಾತ್ರ ಬರೆದಿಲ್ಲ.

ನೇರ ಮಾತು (3:20)
ಹೆಂಗಸರ ವಾರ್ಡಲ್ಲಿ ಇರೋ ಬೇರೆ ರೋಗಿಗಳಿಗೂ ಸಂಕೋಚ ಇರುತ್ತಲ್ಲ. ಅವರನ್ನೂ ಕೇಳಬೇಕು.

ಹೊಸಪೇಟಿ ಹುಡುಗಿ (3:24)
ಕೇಳ್ರಿ. ಕೇಳುಮಟ ಆಕಿ ಎಲ್ಲಿ ಮಲಗಬೇಕು ಅದನ್ನೂ ಹೇಳ್ರಿ.

ಅಡ್ಮಿನ್ (3:40)
ಎರಡು ಕಮೆಂಟ್ ತೆಗೆದಿದೀನಿ. ವಾದ ಮಾಡಿ, ಕೊಳಕು ಮಾತು ಬೇಡ. ಇಲ್ಲಿ ಕೀಮೋ ಆದೋರು ಓದ್ತಿದಾರೆ.

ಹೆಸರು ಬೇಡ (ಸಂಜೆ 6:15)
ನಾನು ಗೇ, 38. ಒಂದು ವರ್ಷ ಮೂಲವ್ಯಾಧಿ ಅಂದ್ಕೊಂಡು ಗೋಡೆ ಮೇಲೆ ಬೋರ್ಡ್ ಬರೆಸ್ಕೊಂಡಿರೋ ಡಾಕ್ಟರ ಹತ್ರ ಪುಡಿ ತಿಂದೆ. ದೊಡ್ಡ ಆಸ್ಪತ್ರೆಗೆ ಹೋಗೋಕೆ ನಾಚಿಕೆ, ಅಲ್ಲಿ ಕೇಳೋ ಪ್ರಶ್ನೆಗೆ ನಿಜ ಹೇಳ್ಬೇಕಲ್ಲ. ಹೋದಾಗ ಗುದದ ಕ್ಯಾನ್ಸರ್. ಆಪರೇಷನ್ ಇಲ್ಲದೆ ಕೀಮೋ ರೇಡಿಯೇಷನ್ನಲ್ಲೇ ಹೋಯ್ತು, ಅದೃಷ್ಟ. ಆ ಲೇಡಿ ಡಾಕ್ಟರು ಮುಖ ಎತ್ತದೆ ಬರ್ಕೊಳ್ತಾ "ಗಂಡಸರ ಜೊತೆ ಸಂಬಂಧ ಇದೆಯಾ" ಅಂತ ಶುಗರ್ ಇದೆಯಾ ಅನ್ನೋ ಹಾಗೆ ಕೇಳಿದ್ರು. ಅಷ್ಟು ಸಾಕಾಯ್ತು ನನಗೆ, ಹೌದು ಅಂದೆ.

ಡಾ. ಪುಟಾಣಿ (6:40)
ಗರ್ಭಕಂಠಕ್ಕೆ ಬರೋ ಅದೇ ಎಚ್‌ಪಿವಿ ವೈರಸ್ಸೇ ಇದಕ್ಕೂ ಬಹುಪಾಲು ಕಾರಣ. ಎಚ್‌ಐವಿ ಇರೋ ಗೇ ಗಂಡಸರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಕ್ಯಾನ್ಸರ್ ಆಗೋಕೆ ಮುಂಚಿನ ಗಾಯವನ್ನೇ ಗುರುತಿಸಿ ಸುಟ್ಟರೆ ಕ್ಯಾನ್ಸರ್ ಆಗೋ ಅಪಾಯ ಶೇ 57ರಷ್ಟು ಕಡಿಮೆ ಆಗುತ್ತೆ ಅಂತ ಅಮೆರಿಕದ ದೊಡ್ಡ ಅಧ್ಯಯನ 2022ರಲ್ಲಿ ತೋರಿಸಿತು. ಅದೂ ಎಚ್‌ಐವಿ ಇರೋರಲ್ಲೇ ಮಾಡಿದ ಅಧ್ಯಯನ. ರಕ್ತ ಬಂದ್ರೆಲ್ಲಾ ಮೂಲವ್ಯಾಧಿ ಅಂದ್ಕೋಬೇಡಿ. ಲೆಸ್ಬಿಯನ್ ಹೆಣ್ಣುಮಕ್ಕಳಿಗೂ "ಗಂಡಸಿನ ಸಂಗ ಇಲ್ಲ, ಪ್ಯಾಪ್ ಬೇಡ" ಅಂತ ಕೆಲವು ಡಾಕ್ಟರೇ ಹೇಳಿ ಕಳಿಸ್ತಾರೆ. ತಪ್ಪು. ವೈರಸ್ ಚರ್ಮದಿಂದ ಚರ್ಮಕ್ಕೆ ಹೋಗುತ್ತೆ.

ಶೆಟ್ರ ಅಂಗಡಿ (7:02)
ಸುಧಾ ಅಕ್ಕನಿಗೆ ಬಾಯಿ ರುಚಿ ಬಂತಾ? ನಮ್ಮ ಅಮ್ಮನಿಗೆ ಕೀಮೋ ಟೈಮಲ್ಲಿ ಎಲ್ಲಾ ಕಬ್ಬಿಣದ ಹಾಗೆ ಅಂತಿದ್ರು. ಪುನರ್ಪುಳಿ ಸಾರು ಒಂದೇ ಇಳೀತಿದ್ದದ್ದು. ಒಣಗಿಸಿದ್ದು ಇದೆ, ಅಡ್ರೆಸ್ ಕೊಟ್ರೆ ಕಳಿಸ್ತೇನೆ.

ಮಳೆನೀರು (7:20)
ಕಾಫಿ ವಾಸನೆಯೇ ಆಗ್ತಿಲ್ಲ ಅವಳಿಗೆ. ನಾನು ಬಾಲ್ಕನಿಲಿ ಕದ್ದು ಕುಡೀತೀನಿ. ಪುನರ್ಪುಳಿಗೆ ಮೆಸೇಜ್ ಹಾಕಿದೀನಿ.

ನೇರ ಮಾತು (7:45)
ಊರಿಂದ ಬರೋರಿಗೆ ಒಂದು ಉಪಯೋಗದ ಮಾತು. ರೈಲಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗೋಕೆ ಸ್ಲೀಪರ್ ಪೂರ್ತಿ ಮಾಫಿ, ಜೊತೆಗೆ ಬರೋ ಒಬ್ಬರಿಗೆ ಶೇ 75. ಚಿಕ್ಕಪ್ಪನ ಜೊತೆ ಎಂಟು ಸಲ ಓಡಾಡಿದೀನಿ. ಆಸ್ಪತ್ರೆಯಿಂದ ಫಾರಂ ತುಂಬಿಸ್ಕೊಳ್ಳಿ.

ಕಡ್ಲೆಪುರಿ (7:49)
ಜೊತೆಗಾರ ಏನಾಗಬೇಕು ಅಂತ ರೈಲ್ವೆಯವರು ಕೇಳಿದ್ರಾ?

ನೇರ ಮಾತು (7:58)
...ಇಲ್ಲ.

ಗುಬ್ಬಿ ಗೂಡು (ರಾತ್ರಿ 9:30)
ಯಾರೂ ಮುಟ್ಟದ ವಿಷಯ ಒಂದು ಹೇಳ್ತೀನಿ. ನನ್ನವನು ಹೋಗಿ ಮೂರು ವರ್ಷ. ರಕ್ತದ ಕ್ಯಾನ್ಸರ್. ಒಂಬತ್ತು ತಿಂಗಳು ನೋಡ್ಕೊಂಡೆ. ಬೆಳಗಿನ ಜಾವ ನಾಲ್ಕಕ್ಕೆ ಹೋದ, ಬಾಡಿ ಕೊಡೋಕೆ ನೆಂಟರು ಬೇಕು ಅಂದ್ರು. ಅವನ ಭಾವ ಕಲಬುರಗಿಯಿಂದ ಬರೋವರೆಗೆ ಶವಾಗಾರದ ಹೊರಗೆ ಕೂತಿದ್ದೆ. ಅವರು ಬಂದು ಸಹಿ ಮಾಡಿ ತಗೊಂಡು ಹೋದ್ರು, ವಾಚು ಸಮೇತ. ವಾಚು ನಾನು ಕೊಡಿಸಿದ್ದು.

ವಕೀಲರ ಕೋಟು (9:55)
ಈಗ ಸ್ವಲ್ಪ ಬದಲಾಗಿದೆ. 2023ರ ಅಕ್ಟೋಬರ್ 17ಕ್ಕೆ ಸಲಿಂಗಿಗಳಿಗೆ ಮದುವೆ ಹಕ್ಕು ಕೊಡಲ್ಲ ಅಂದ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಅದರ ಬೆನ್ನಿಗೆ ಸಮಿತಿ ಆಯ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೀತು: ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿ ದೇಹ ಪಡೀಬಹುದು. ಅದೇ ತಿಂಗಳು ಜಂಟಿ ಬ್ಯಾಂಕ್ ಖಾತೆಗೆ, ನಾಮಿನಿ ಮಾಡೋಕೆ ಅಡ್ಡಿ ಇಲ್ಲ ಅಂತ ಸೂಚನೆ ಬಂತು. "ಸಂಬಂಧಿಕರು ಇಲ್ಲದಾಗ" ಅನ್ನೋ ಪದ ಗಮನಿಸಿ. ಭಾವ ಇದ್ರೆ ಭಾವನೇ.

ಪಾರಿಜಾತ (10:20)
ನನಗೆ 68. ಈ ವಿಷಯಗಳೆಲ್ಲ ನನಗೆ ಅಷ್ಟಾಗಿ ತಿಳಿಯದು. ನಲವತ್ತು ವರ್ಷ ನಾನು ಯಜಮಾನರ ಹೆಸರು ಬಾಯಲ್ಲಿ ಎತ್ತಿದವಳಲ್ಲ. "ನಮ್ಮನೆಯವರು" ಅಂತಲೇ. ಅವರೂ ನನ್ನನ್ನು ಹೊರಗಡೆ ಹಾಗೇ ಹೇಳುತ್ತಿದ್ದರು. ಅದರಲ್ಲಿ ಗಂಡೆಲ್ಲಿದೆ, ಹೆಣ್ಣೆಲ್ಲಿದೆ? ಫಾರಂನಲ್ಲಿ ಸಂಬಂಧ ಅಂತ ಇದ್ದ ಕಡೆ "ಮನೆಯವರು" ಅಂತ ಬರಿಯಮ್ಮ. ಸುಳ್ಳೂ ಅಲ್ಲ.

ಕಡ್ಲೆಪುರಿ (10:22)
ಅಜ್ಜಿ 🙏🙏🙏

ನೇರ ಮಾತು (10:31)
ಜಾಣತನ ಚೆನ್ನಾಗಿದೆ. ಕೋರ್ಟಲ್ಲಿ ನಿಲ್ಲಲ್ಲ.

ವಕೀಲರ ಕೋಟು (10:34)
"ಫ್ರೆಂಡು" ಕೂಡ ನಿಲ್ಲಲ್ಲ. ಬರೀಲಿ ಬಿಡಿ.

ಮಳೆನೀರು (ಮುಂದಿನ ವಾರ ಶುಕ್ರವಾರ, ಸಂಜೆ 5:15)
ಎಲ್ಲರಿಗೂ ತಡವಾಗಿ ಬರೀತಿದೀನಿ. ಬುಧವಾರ ಆಪರೇಷನ್ ಆಯ್ತು, ಮೂರೂವರೆ ಗಂಟೆ. ಚೆನ್ನಾಗಿದಾಳೆ.

ಸರ್ಜನ್ ಹತ್ರ ನೇರ ಹೇಳಿದ್ವಿ. ಹೇಳೋವಾಗ ನನ್ನ ಕೈ ನಡುಗ್ತಿತ್ತು, ಸುಧಾ ಮಾತ್ರ ಆರಾಮಾಗಿ "ಇವಳೇ ನನ್ನ ಮನೆ" ಅಂದ್ಲು. ಅವರು ಸರಿ ಅಂತ ತಲೆ ಆಡಿಸಿ ಸ್ಕ್ಯಾನ್ ನೋಡೋಕೆ ಶುರು ಮಾಡಿದ್ರು. ಕೈಬರಹದ ಹಾಳೆ ಕೇಸ್ ಶೀಟಿಗೆ ಪಿನ್ ಆಯ್ತು. ಒಪ್ಪಿಗೆ ಪತ್ರಕ್ಕೆ ಅವಳದೇ ಸಹಿ, ಸಾಕ್ಷಿಗೆ ನನ್ನದು. ಕಂಪ್ಯೂಟರಲ್ಲಿ "ಇತರೆ" ಅಂತ ಒತ್ತಿದ್ರು, ಕಾಗದದ ಮೇಲೆ ನಾನು "ಮನೆಯವರು" ಅಂತ ಬರೆದೆ. ಅಂದ ಹಾಗೆ ಬಿಲ್ಲು ಕಟ್ತೀನಿ ಅನ್ನೋ ಮುಚ್ಚಳಿಕೆಗೆ ಸಹಿ ಹಾಕೋವಾಗ ಯಾರೂ ಬ್ಲಡ್ ರಿಲೇಷನ್ ಕೇಳಲಿಲ್ಲ!

ಎಲ್ಲಾ ಸಲೀಸಾಗಲಿಲ್ಲ. ರಾತ್ರಿ ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ, ಹಾಳೆ ಫೋಟೋ ತೋರಿಸಿದ್ರೂ. ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ಗಂಟೆಗೆ ನರ್ಸ್ ಒಬ್ಬರು ಹೊರಗೆ ಬಂದು "ಸುಧಾ ಮನೆಯವರು ಯಾರ್ರೀ?" ಅಂತ ಕೂಗಿದ್ರು. ಎದ್ದು ನಿಂತೆ. ನೀರು ಕೇಳ್ತಿದಾರೆ, ಒದ್ದೆ ಹತ್ತಿ ತುಟಿಗೆ ಹಚ್ಚಿ ಹೋಗಿ ಅಂದ್ರು.

ಅಣ್ಣನಿಗೆ ಹೇಳಿಲ್ಲ. ಅದು ಅವಳಿಗೆ ಬಿಟ್ಟಿದ್ದು.

ಹೊಸಪೇಟಿ ಹುಡುಗಿ (5:22)
ಹುಲಿಗೆಮ್ಮ ಕಾಯಲಿ. ನಮ್ಮ ಗುರೂಗೂ ಓದಿ ಹೇಳಿದೆ, ಉಪ್ಪಿನಕಾಯಿ ಕಳಸ್ತೀನಿ ಅಂದಾಳ. ಆಕಿ ತಿನ್ನಂಗಿಲ್ಲ, ಮಂದಿಗೆ ಕೊಡ್ತಾಳ.

ಅರ್ಧ ಚಹಾ (5:40)
ನಾನು ಸೋಮವಾರ ಟೆಸ್ಟಿಗೆ ಹೋಗ್ತಿದೀನಿ. ಫೋನ್ ಮಾಡಿ ಮೊದಲೇ ಹೇಳಿದೀನಿ, ಕೂಗಬೇಡಿ ಅಂತ.

ನೈಟ್ ಡ್ಯೂಟಿ (6:05)
ಡ್ರೈನ್ (ಗಾಯದ ನೀರು ಹೊರಗೆ ಹರಿಸೋ ಟ್ಯೂಬ್) ಎಷ್ಟು ಬರ್ತಿದೆ? ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಆ ಕಡೆ ಕೈಗೆ ಬಿಪಿ, ಇಂಜೆಕ್ಷನ್ ಹಾಕಿಸಬೇಡಿ.

ಮಳೆನೀರು (6:11)
ಇವತ್ತು 70 ಎಂಎಲ್. 30ಕ್ಕಿಂತ ಕೆಳಗೆ ಬಂದ್ರೆ ತೆಗೀತೀವಿ ಅಂದಿದಾರೆ. ಬೆಕ್ಕು ಆ ಟ್ಯೂಬ್ ಹಿಡಿಯೋಕೆ ನೋಡ್ತಾ ಇರುತ್ತೆ, ಏನಾದ್ರೂ ಉಪಾಯ ಇದ್ರೆ ಹೇಳಿ.

ಶೆಟ್ರ ಅಂಗಡಿ (6:14)
ಹಳೇ ನೈಟಿ ಕತ್ತರಿಸಿ ಸಣ್ಣ ಚೀಲ ಹೊಲಿದು ಸೊಂಟಕ್ಕೆ ಕಟ್ಟಿ. ಅಮ್ಮನಿಗೆ ಹಾಗೇ ಮಾಡಿದ್ದು. ಪುನರ್ಪುಳಿ ಬಂತಾ?